ಟರ್ಬೊ ಕಾರು, ಒಳಸೇರುವ ಗಾಳಿಯ ಕಾವು ಮತ್ತು ಎಂಜಿನ್ ಟ್ಯೂನಿಂಗ್: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ರಸ್ತೆಗಳಲ್ಲಿ ಚಿಕ್ಕ ಎಂಜಿನ್ನಿನ ಟರ್ಬೊ ಪೆಟ್ರೋಲ್ ಕಾರುಗಳು ಸಾಮಾನ್ಯವಾಗಿವೆ. ಅವುಗಳಲ್ಲಿ ಕೆಲವನ್ನು ಮಾಲೀಕರು ರೀಮ್ಯಾಪ್ ಮಾಡಿಸುವುದೂ ಉಂಟು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನೊಳಗಿನ ಇಂಧನ, ಸ್ಪಾರ್ಕ್ ಮೊದಲಾದವುಗಳ ಪಟ್ಟಿಯನ್ನು (ಮ್ಯಾಪು) ಬದಲಿಸುವುದು. "ಬೆಳಿಗ್ಗೆ ಚೆನ್ನಾಗಿ ಎಳೆಯುವ ಗಾಡಿ ಮಧ್ಯಾಹ್ನ ಘಾಟಿಯಲ್ಲಿ ಏಕೆ ಎಳೆಯುವುದಿಲ್ಲ" ಎಂಬ ದೂರಿಗೆ ಬಹುಪಾಲು ಉತ್ತರ ಎಂಜಿನ್ನಿನೊಳಗೆ ಹೋಗುವ ಗಾಳಿಯ ತಾಪಮಾನದಲ್ಲಿಯೇ ಇದೆ. ಇಲ್ಲಿನ ಉತ್ತರಗಳು ಮುಖ್ಯವಾಗಿ ಪೆಟ್ರೋಲ್ ಕಾರುಗಳಿಗೆ ಸಂಬಂಧಿಸಿದವು. ಡೀಸೆಲ್ ಬಗ್ಗೆ ಕೊನೆಯ ಭಾಗದಲ್ಲಿ ಪ್ರತ್ಯೇಕವಾಗಿ ಹೇಳಲಾಗಿದೆ.

ಒಳಸೇರುವ ಗಾಳಿಯ ತಾಪಮಾನ ಎಂದರೆ ಯಾವ ಜಾಗದ ತಾಪಮಾನ?

ಟರ್ಬೊ ಕಾರಿನಲ್ಲಿ ಗಾಳಿಯ ತಾಪಮಾನವನ್ನು ಮೂರು ಜಾಗಗಳಲ್ಲಿ ಯೋಚಿಸಬೇಕಾಗುತ್ತದೆ. ಏರ್ ಫಿಲ್ಟರ್ ಬಳಿ ಅದು ಹೆಚ್ಚುಕಡಿಮೆ ಹೊರಗಿನ ಹವೆಯಷ್ಟೇ ಇರುತ್ತದೆ. ಟರ್ಬೊದಲ್ಲಿ ಗಾಳಿಯನ್ನು ಅದುಮುವ ಭಾಗವಾದ ಕಂಪ್ರೆಸರ್ ದಾಟಿದ ಕೂಡಲೇ ನೀರು ಕುದಿಯುವ ಮಟ್ಟವನ್ನೂ ಮೀರಬಹುದು. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿ, ಅದನ್ನು ಸಿಲಿಂಡರುಗಳಿಗೆ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ತಲುಪುವ ಹೊತ್ತಿಗೆ ಮತ್ತೆ ಇಳಿದಿರುತ್ತದೆ. ಟ್ಯೂನಿಂಗ್‌ಗೆ ನಿಜವಾಗಿ ಬೇಕಾದುದು ಈ ಮೂರನೆಯದು, ಏಕೆಂದರೆ ಸಿಲಿಂಡರಿನೊಳಗೆ ಹೋಗುವುದು ಆ ಗಾಳಿಯೇ. ಅನೇಕ ಕಾರುಗಳಲ್ಲಿ ಎರಡು ಸೆನ್ಸರ್‌ಗಳಿರುವುದರಿಂದ, ಸ್ಕ್ಯಾನರ್‌ನಲ್ಲಿ ಕಾಣುವ ಅಂಕಿ ಯಾವುದರದ್ದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಫಿಲ್ಟರ್ ಬಳಿಯ 32 ಡಿಗ್ರಿಯನ್ನು ನೋಡಿ ನಿಶ್ಚಿಂತೆಯಿಂದಿರುವವರ ಮ್ಯಾನಿಫೋಲ್ಡ್‌ನಲ್ಲಿ 70 ಡಿಗ್ರಿ ಇರಬಹುದು.

ಹೊರಗೆ ತಂಪಾಗಿದ್ದರೂ ಟರ್ಬೊ ಗಾಳಿಯನ್ನು ಅಷ್ಟು ಬಿಸಿ ಮಾಡುವುದೇಕೆ?

ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವ ಕಾರಣವೇ ಇಲ್ಲಿಯೂ ಕೆಲಸ ಮಾಡುತ್ತದೆ: ಗಾಳಿಯನ್ನು ಅದುಮಿದರೆ ಅದು ಬಿಸಿಯಾಗಲೇಬೇಕು. ಕಂಪ್ರೆಸರ್ ಪರಿಪೂರ್ಣವಾಗಿದ್ದರೂ ಬಿಸಿ ತಪ್ಪುವುದಿಲ್ಲ, ಪರಿಪೂರ್ಣವಲ್ಲದ ಕಾರಣ ಇನ್ನಷ್ಟು ಹೆಚ್ಚುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡುವ, ಶೇ 70ರಷ್ಟು ದಕ್ಷತೆಯ ಕಂಪ್ರೆಸರಿನಿಂದ ಹೊರಬರುವ ಗಾಳಿ ಲೆಕ್ಕದ ಪ್ರಕಾರ ಸುಮಾರು 125 ಡಿಗ್ರಿ ಇರುತ್ತದೆ. ಎಕ್ಸಾಸ್ಟ್ ಬದಿಯ ಕಾವು ಟರ್ಬೊದ ಲೋಹದ ಮೂಲಕ ಹರಿದು ಒಂದಿಷ್ಟು ಸೇರಿಕೊಳ್ಳುವುದು ನಿಜವಾದರೂ, ದೊಡ್ಡ ಪಾಲು ಅದುಮುವಿಕೆಯದ್ದೇ.

ಗಾಳಿ ಬಿಸಿಯಾದರೆ ಶಕ್ತಿ ಎಷ್ಟು ಕಡಿಮೆಯಾಗುತ್ತದೆ?

ಒತ್ತಡ ಬದಲಾಗದಿದ್ದರೆ ಗಾಳಿಯ ಸಾಂದ್ರತೆ ಪ್ರತಿ 10 ಡಿಗ್ರಿ ಏರಿಕೆಗೆ ಶೇ 3ರಷ್ಟು ಇಳಿಯುತ್ತದೆ. ಮ್ಯಾನಿಫೋಲ್ಡ್‌ನ ಗಾಳಿ 40 ಡಿಗ್ರಿಯಿಂದ 60 ಡಿಗ್ರಿಗೆ ಹೋದರೆ ಅದೇ ಬೂಸ್ಟ್‌ನಲ್ಲಿ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡದಲ್ಲಿ) ಸಿಲಿಂಡರಿಗೆ ಶೇ 6ರಷ್ಟು ಕಡಿಮೆ ಗಾಳಿ ಸಿಗುತ್ತದೆ, ಶಕ್ತಿಯೂ ಅಷ್ಟೇ ಇಳಿಯುತ್ತದೆ. ಆದರೆ ಚಾಲಕನಿಗೆ ಅನುಭವವಾಗುವ ನಷ್ಟ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು. ಅದಕ್ಕೆ ಕಾರಣ ನಾಕ್.

ನಾಕ್ ಎಂದರೇನು? ಗಾಳಿಯ ಕಾವಿಗೂ ಅದಕ್ಕೂ ಏನು ಸಂಬಂಧ?

ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ಸಿಲಿಂಡರಿನ ಉದ್ದಗಲಕ್ಕೂ ಕ್ರಮವಾಗಿ ಹರಡಬೇಕು. ಜ್ವಾಲೆ ಇನ್ನೂ ತಲುಪದ ಮೂಲೆಯಲ್ಲಿರುವ ಮಿಶ್ರಣ ಅತಿಯಾಗಿ ಬಿಸಿಯಾಗಿ, ಅತಿಯಾಗಿ ಅದುಮಿಸಿಕೊಂಡು ತನ್ನಷ್ಟಕ್ಕೆ ತಾನೇ ಒಮ್ಮೆಲೇ ಹೊತ್ತಿಕೊಂಡರೆ ಒತ್ತಡದ ಅಲೆಗಳೇಳುತ್ತವೆ; ಅದೇ ನಾಕ್. ಹಳೆಯ ಗಾಡಿಗಳಲ್ಲಿ ಏರು ಹತ್ತುವಾಗ ಕೇಳುತ್ತಿದ್ದ ಕಟಕಟ ಸದ್ದು ಇದರದ್ದೇ. ಟರ್ಬೊ ಎಂಜಿನ್ನಿನಲ್ಲಿ ಒತ್ತಡ ಹೆಚ್ಚಿರುವುದರಿಂದ ಇದು ಸದ್ದಿಗೆ ನಿಲ್ಲದೆ ಪಿಸ್ಟನ್ನಿನ ಅಂಚನ್ನು, ರಿಂಗುಗಳ ನಡುವಿನ ಭಾಗವನ್ನು ಒಡೆಯಬಲ್ಲದು.

ಸಿಲಿಂಡರಿನೊಳಗೆ ಮಿಶ್ರಣ ಮತ್ತೊಮ್ಮೆ ಅದುಮಿಸಿಕೊಳ್ಳುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. 10:1 ಕಂಪ್ರೆಷನ್ ಅನುಪಾತದ ಎಂಜಿನ್ನಿನಲ್ಲಿ ಆ ಹಂತದ ಕೊನೆಗೆ ಮಿಶ್ರಣದ ನಿರಪೇಕ್ಷ ತಾಪಮಾನ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಆದ್ದರಿಂದ ಮ್ಯಾನಿಫೋಲ್ಡ್‌ನಲ್ಲಿ ಹೆಚ್ಚಾದ 20 ಡಿಗ್ರಿ, ಸ್ಪಾರ್ಕ್ ಬೀಳುವ ಹೊತ್ತಿಗೆ 40 ಡಿಗ್ರಿಗೂ ಮಿಕ್ಕಿ ಬೆಳೆದಿರುತ್ತದೆ, ಆಮೇಲೆ ಜ್ವಾಲೆಯ ಒತ್ತಡ ಅದನ್ನು ಇನ್ನೂ ಏರಿಸುತ್ತದೆ. ನಾಕ್ ಸೆನ್ಸರ್ ಈ ಕಂಪನವನ್ನು ಕೇಳಿಸಿಕೊಂಡ ಕೂಡಲೇ ಇಸಿಯು ಸ್ಪಾರ್ಕನ್ನು ತಡವಾಗಿ ಕೊಡತೊಡಗುತ್ತದೆ. ಎಂಜಿನ್ ಉಳಿಯುತ್ತದೆ, ಆದರೆ ತಡವಾಗಿ ಉರಿದ ಮಿಶ್ರಣ ಪಿಸ್ಟನ್ನನ್ನು ತಳ್ಳುವ ಬದಲು ಎಕ್ಸಾಸ್ಟನ್ನು ಕಾಯಿಸುತ್ತದೆ. ಎಕ್ಸಾಸ್ಟ್ ತಾಪಮಾನ ಟರ್ಬೈನ್ (ಟರ್ಬೊದ ಎಕ್ಸಾಸ್ಟ್ ಬದಿಯ ಚಕ್ರ) ತಾಳುವ ಮಿತಿಯತ್ತ, ಅಂದರೆ ಎಷ್ಟೋ ಕಾರುಗಳಲ್ಲಿ 950 ಡಿಗ್ರಿಯ ಆಸುಪಾಸಿಗೆ ಬಂದಾಗ, ಅದನ್ನು ತಣಿಸಲು ಇಸಿಯು ಹೆಚ್ಚುವರಿ ಪೆಟ್ರೋಲ್ ಸುರಿಯುತ್ತದೆ. ಪಿಕಪ್ ಇಳಿಯುವುದು, ಮೈಲೇಜ್ ಕುಸಿಯುವುದು ಎರಡೂ ಒಟ್ಟಿಗೆ ಬರುವುದು ಹೀಗೆ.

ಇಸಿಯು ಈ ತಾಪಮಾನವನ್ನು ತಿಳಿದು ಏನು ಮಾಡುತ್ತದೆ?

ಸೆನ್ಸರ್ ಎಂಬುದು ಬಿಸಿಯಾದಂತೆ ವಿದ್ಯುತ್ ರೋಧ ಕಡಿಮೆಯಾಗುವ ಒಂದು ಚಿಕ್ಕ ಥರ್ಮಿಸ್ಟರ್. ಅದರ ಓದನ್ನು ಇಸಿಯು ಮೂರು ಕೆಲಸಗಳಿಗೆ ಬಳಸುತ್ತದೆ: ಗಾಳಿಯ ತೂಕ ಲೆಕ್ಕ ಹಾಕಿ ಇಂಧನ ನಿರ್ಧರಿಸಲು, ಸ್ಪಾರ್ಕ್ ಟೈಮಿಂಗ್ ತಿದ್ದಲು, ಬೂಸ್ಟ್ ಮಿತಿಗೊಳಿಸಲು. ಗಾಳಿಯ ಹರಿವನ್ನು ನೇರವಾಗಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇರುವ ಕಾರುಗಳಲ್ಲಿ ಮೊದಲನೆಯ ಕೆಲಸಕ್ಕೆ ತಾಪಮಾನದ ಅವಲಂಬನೆ ಕಡಿಮೆ. ಮ್ಯಾನಿಫೋಲ್ಡ್ ಒತ್ತಡ ಮತ್ತು ತಾಪಮಾನಗಳಿಂದಲೇ ತೂಕವನ್ನು ಲೆಕ್ಕ ಹಾಕುವ ಕಾರುಗಳಲ್ಲಿ ಮಾತ್ರ ಸೆನ್ಸರ್ 20 ಡಿಗ್ರಿ ಹೆಚ್ಚು ತೋರಿಸಿದರೆ ಇಂಧನ ಶೇ 6ರಷ್ಟು ಕಡಿಮೆ ಬೀಳುತ್ತದೆ.

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. ಬಿಸಿ ಎಂಜಿನ್ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಮತ್ತೆ ಶುರು ಮಾಡಿದಾಗ, ಸೆನ್ಸರಿನ ಮೈಯೇ ಕಾದಿರುವುದರಿಂದ ಅದು ಹರಿಯುವ ಗಾಳಿಗಿಂತ ಹೆಚ್ಚಿನ ಅಂಕಿಯನ್ನು ಹೇಳುತ್ತದೆ. ಗಾಡಿ ಒಂದೆರಡು ನಿಮಿಷ ತಡವರಿಸುತ್ತದೆ. ಕಂಪನಿಯ ಮ್ಯಾಪಿನಲ್ಲಿ ಇದಕ್ಕೆ ತಕ್ಕ ಪರಿಹಾರವಿರುತ್ತದೆ. ಅವಸರದ ರೀಮ್ಯಾಪಿನಲ್ಲಿ ಮೊದಲು ಕೈಬಿಟ್ಟುಹೋಗುವುದು ಇಂಥ ತಿದ್ದುಪಡಿ ಪಟ್ಟಿಗಳೇ ಎಂಬುದನ್ನು ಹೇಳದೆ ವಿಧಿಯಿಲ್ಲ.

ಆಗುಂಬೆ, ಹುಲಿಕಲ್ ಘಾಟಿ ಹತ್ತುವಾಗ ಟರ್ಬೊ ಕಾರು ಸುಸ್ತಾಗುವುದೇಕೆ?

ಘಾಟಿಯಲ್ಲಿ ಇಂಟರ್‌ಕೂಲರಿಗೆ ಎರಡೂ ಕಡೆಯಿಂದ ಕಷ್ಟ. ಸೋಮೇಶ್ವರದಿಂದ ಆಗುಂಬೆಗೆ ಏರುವ 14 ಹೇರ್‌ಪಿನ್ ತಿರುವುಗಳಲ್ಲಿ ಕಾರು ಒಂದು, ಎರಡನೆಯ ಗೇರಿನಲ್ಲಿ ನಿಧಾನವಾಗಿ ಸಾಗುತ್ತದೆ, ಅದೂ ಮುಂದೆ ಬಸ್ಸೋ ಲಾರಿಯೋ ಸಿಕ್ಕಿದರೆ ಇನ್ನೂ ನಿಧಾನ. ಆದ್ದರಿಂದ ಇಂಟರ್‌ಕೂಲರಿನ ಮುಖಕ್ಕೆ ಬಡಿಯುವ ಹೊರಗಾಳಿ ಅತಿ ಕಡಿಮೆ. ಅದೇ ಹೊತ್ತಿನಲ್ಲಿ ಏರು ಹತ್ತಲು ಬೂಸ್ಟ್ ಮಾತ್ರ ಹೆಚ್ಚು ಬೇಕು, ಒಳಗಿನಿಂದ ಬರುವ ಕಾವೂ ಹೆಚ್ಚು. ಹೆದ್ದಾರಿಯಲ್ಲಿ ಹಾಗಲ್ಲ: ಅಲ್ಲಿ ವೇಗ ಇದ್ದಲ್ಲಿ ತಂಪು ಇರುತ್ತದೆ, ಓವರ್‌ಟೇಕ್ ಮುಗಿದ ಮೇಲೆ ಆಕ್ಸಿಲರೇಟರ್ ಸಡಿಲಿಸಿದಾಗ ಇಂಟರ್‌ಕೂಲರ್ ಚೇತರಿಸಿಕೊಳ್ಳುತ್ತದೆ.

ಅಂಕಿಗಳಲ್ಲಿ ಹೇಳುವುದಾದರೆ, 125 ಡಿಗ್ರಿಯ ಗಾಳಿಯನ್ನು ಶೇ 70ರಷ್ಟು ಸಾಮರ್ಥ್ಯದಿಂದ ತಣಿಸುವ ಇಂಟರ್‌ಕೂಲರ್ 30 ಡಿಗ್ರಿ ಹವೆಯಲ್ಲಿ ಅದನ್ನು 58 ಡಿಗ್ರಿಯ ಹತ್ತಿರ ತರುತ್ತದೆ. ಹೊರಗಾಳಿ ಸಾಲದೆ ಆ ಸಾಮರ್ಥ್ಯ ಶೇ 50ಕ್ಕೆ ಇಳಿದರೆ ಅದೇ ಗಾಳಿ 77 ಡಿಗ್ರಿಯಲ್ಲಿ ಮ್ಯಾನಿಫೋಲ್ಡ್ ಸೇರುತ್ತದೆ. ಎಸಿ ಹಾಕಿದ್ದರೆ ಅದರ ಕಂಡೆನ್ಸರಿನ ಕಾವೂ ಬಾನೆಟ್ಟಿನೊಳಗೇ ಸುತ್ತುತ್ತದೆ.

ಚಾಲಕರು ಮಾಡಬಹುದಾದುದು ಸರಳ. ಮೇಲಿನ ಗೇರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡಿಸುತ್ತ ಆಕ್ಸಿಲರೇಟರ್ ಪೂರ್ತಿ ಒತ್ತುವುದರ ಬದಲು ಒಂದು ಗೇರ್ ಇಳಿಸಿ, ಆರ್‌ಪಿಎಂ ಸ್ವಲ್ಪ ಏರಿಸಿಕೊಂಡು, ಕಡಿಮೆ ಬೂಸ್ಟ್‌ನಲ್ಲಿ ಹತ್ತಬೇಕು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಎಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಂನ ಭಾರೀ ಹೊರೆಯ ಸ್ಥಿತಿಯಲ್ಲಿಯೇ ಸ್ಪಾರ್ಕ್ ಬೀಳುವ ಮುಂಚೆ ಮಿಶ್ರಣ ಹೊತ್ತಿಕೊಳ್ಳುವ ಅಪಾಯ ಹೆಚ್ಚು ಎಂಬುದು ಇದಕ್ಕೆ ಇನ್ನೊಂದು ಕಾರಣ.

ಎತ್ತರದ ಊರಿನಲ್ಲಿ ಟರ್ಬೊಗೆ ತೊಂದರೆಯಿಲ್ಲ ಎನ್ನುತ್ತಾರಲ್ಲ?

ಅರ್ಧ ನಿಜ. ಟರ್ಬೊ ಎತ್ತರದ ನಷ್ಟವನ್ನು ತುಂಬಿಕೊಡುತ್ತದೆ, ಆದರೆ ಅದಕ್ಕೆ ಬೆಲೆಯನ್ನು ಕಾವಿನ ರೂಪದಲ್ಲಿ ತೆರಬೇಕು. ಶಿವಮೊಗ್ಗ ನಗರ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ 6ರಿಂದ 7ರಷ್ಟು ಕಡಿಮೆ. ಮ್ಯಾನಿಫೋಲ್ಡ್‌ನಲ್ಲಿ 200 ಕಿಲೋಪಾಸ್ಕಲ್ ಒಟ್ಟು ಒತ್ತಡ ಬೇಕೆಂದರೆ ಕುಂದಾಪುರದಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ ಅದುಮಿದರೆ ಸಾಕು, ಶಿವಮೊಗ್ಗದಲ್ಲಿ 2.1 ಪಟ್ಟು ಅದುಮಬೇಕು. ಒಂದೇ ಹವೆಯಲ್ಲಿ ಕಂಪ್ರೆಸರಿನಿಂದ ಹೊರಬರುವ ಗಾಳಿ ಇದರಿಂದ 10 ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿರುತ್ತದೆ.

ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಆ ಎತ್ತರದಲ್ಲಿ ಹವೆ 20 ಡಿಗ್ರಿಯ ತಂಪಿನಲ್ಲಿದ್ದರೂ, ಅದೇ 200 ಕಿಲೋಪಾಸ್ಕಲ್‌ಗಾಗಿ ಎರಡೂವರೆ ಪಟ್ಟು ಅದುಮಿದರೆ ಗಾಳಿ 145 ಡಿಗ್ರಿ ಮುಟ್ಟುತ್ತದೆ. ಟರ್ಬೊದ ತಿರುಗುವ ವೇಗವೂ ಮಿತಿಯತ್ತ ಹೋಗುತ್ತದೆ. ಕಂಪನಿಯ ಮ್ಯಾಪು ಇಂಥ ಎತ್ತರದಲ್ಲಿ ಬೂಸ್ಟನ್ನು ತಾನಾಗಿ ತಗ್ಗಿಸುವುದು ಈ ಕಾರಣಕ್ಕೆ. ರೀಮ್ಯಾಪ್ ಮಾಡುವವರು ಆ ತಡೆಯನ್ನು ತೆಗೆದಿದ್ದಾರೆಯೇ ಎಂದು ಕೇಳಿ ತಿಳಿಯುವುದು ಮಾಲೀಕರ ಹಕ್ಕು.

ಮಳೆಗಾಲದ ತೇವ ಎಂಜಿನ್ನಿಗೆ ಒಳ್ಳೆಯದೇ, ಕೆಟ್ಟದೇ?

ಎರಡೂ ಸ್ವಲ್ಪ ಸ್ವಲ್ಪ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಡೆ, ಆಷಾಢದ 23 ಡಿಗ್ರಿಯ ಒದ್ದೆ ಹವೆಯಲ್ಲಿ ನೀರಾವಿ ಶೇ 3ರಷ್ಟು ಜಾಗವನ್ನು ಆಕ್ರಮಿಸಿಕೊಂಡಿರುತ್ತದೆ; ಅಷ್ಟು ಆಮ್ಲಜನಕ ಕಡಿಮೆ. ಅದೇ ನೀರಾವಿ ಉರಿಯುವಿಕೆಯನ್ನು ನಿಧಾನಗೊಳಿಸಿ ನಾಕ್ ಪ್ರವೃತ್ತಿಯನ್ನು ತಗ್ಗಿಸುತ್ತದೆ. ಹವೆ ತಂಪಾಗಿರುವುದು, ಇಂಟರ್‌ಕೂಲರಿನ ಮೇಲೆ ಮಳೆಹನಿ ಸಿಡಿಯುವುದು ಸೇರಿ ಒಟ್ಟಾರೆ ಲಾಭವೇ ಹೆಚ್ಚು.

ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಸಂಗತಿಯಿದೆ. ತೇವದ ಗಾಳಿಯನ್ನು ಎರಡು ಪಟ್ಟು ಅದುಮಿದಾಗ ಅದರಲ್ಲಿರುವ ನೀರಾವಿಯ ಒತ್ತಡವೂ ಎರಡು ಪಟ್ಟಾಗುತ್ತದೆ, ಆದ್ದರಿಂದ ಇಬ್ಬನಿ ಕಟ್ಟುವ ತಾಪಮಾನ 35 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಇಂಟರ್‌ಕೂಲರ್ ತುಂಬ ದೊಡ್ಡದಿದ್ದು ಗಾಳಿಯನ್ನು ಅದಕ್ಕಿಂತ ಕೆಳಗಿಳಿಸಿದರೆ ಒಳಗೇ ನೀರು ಕಟ್ಟಿ ನಿಲ್ಲುತ್ತದೆ, ಬಳಿಕ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಆ ನೀರು ಒಮ್ಮೆಲೇ ಎಂಜಿನ್ನಿಗೆ ಹೋಗಿ ಮಿಸ್‌ಫೈರ್ (ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳದಿರುವುದು) ಆಗಬಹುದು. ಬೇಸಿಗೆಯ ಬಯಲುಸೀಮೆಗೆ ಹೇಳಿ ಮಾಡಿಸಿದ ಇಂಟರ್‌ಕೂಲರ್ ಮಳೆಗಾಲದ ಮಲೆನಾಡಿಗೂ ಉತ್ತಮ ಎಂದೇನಿಲ್ಲ.

ಹಾಗಾದರೆ ಟ್ಯೂನಿಂಗ್ ಯಾವ ಕಾಲದಲ್ಲಿ ಮಾಡಿಸಬೇಕು?

ಕಾಲ ಯಾವುದಾದರೂ ಆಗಲಿ, ಮ್ಯಾಪಿನ ಪರೀಕ್ಷೆ ಮಾತ್ರ ಅತಿ ಬಿಸಿಯ ಸ್ಥಿತಿಯಲ್ಲಿ ನಡೆಯಬೇಕು. ಜುಲೈ ತಿಂಗಳ ಬೆಳಿಗ್ಗೆ ಮ್ಯಾನಿಫೋಲ್ಡ್ 38 ಡಿಗ್ರಿ ಇರುವಾಗ ನಾಕ್ ಅಂಚಿನವರೆಗೆ ಸ್ಪಾರ್ಕ್ ಬೇಗ ಬೀಳುವಂತೆ ಬರೆದ ಮ್ಯಾಪು, ಏಪ್ರಿಲ್‌ನಲ್ಲಿ ಶಿವಮೊಗ್ಗದ ಹವೆ 37–38 ಡಿಗ್ರಿ ಮುಟ್ಟಿ ಮ್ಯಾನಿಫೋಲ್ಡ್ 75 ದಾಟಿದಾಗ ಸುರಕ್ಷಿತವಾಗಿ ಉಳಿಯುವುದಿಲ್ಲ. ಮಲೆನಾಡಿನ ತಂಪು ಈ ವಿಷಯದಲ್ಲಿ ಮೋಸಗಾರ: ವರ್ಷದ ಹೆಚ್ಚಿನ ದಿನಗಳಲ್ಲಿ ತಪ್ಪು ಮ್ಯಾಪನ್ನೂ ಅದು ಸರಿಯೆಂದು ತೋರಿಸುತ್ತದೆ.

ಸರಿಯಾದ ಕ್ರಮವೆಂದರೆ ಮೂಲ ಟೈಮಿಂಗ್ ಪಟ್ಟಿಯನ್ನು ಒಂದು ನಿಶ್ಚಿತ ತಾಪಮಾನಕ್ಕೆ ಬರೆದು, ಅದಕ್ಕಿಂತ ಮೇಲೆ ಸ್ಪಾರ್ಕನ್ನು ಎಷ್ಟೆಷ್ಟು ಡಿಗ್ರಿ (ಇಲ್ಲಿ ಕ್ರ್ಯಾಂಕ್ ತಿರುಗುವ ಕೋನ) ಹಿಂತೆಗೆಯಬೇಕು, ಅಂದರೆ ತಡಮಾಡಬೇಕು ಎಂಬುದನ್ನು ತಿದ್ದುಪಡಿ ಪಟ್ಟಿಯಲ್ಲಿ ಮೊದಲೇ ನಮೂದಿಸುವುದು. 45 ಅಥವಾ 50 ಡಿಗ್ರಿ ದಾಟಿದ ಮೇಲೆ ಪ್ರತಿ 10 ಡಿಗ್ರಿಗೆ 1ರಿಂದ 2 ಡಿಗ್ರಿ ಸ್ಪಾರ್ಕ್ ಹಿಂತೆಗೆಯುವುದು ಸಾಮಾನ್ಯ ಆರಂಭಬಿಂದು. ಅಂತಿಮ ಅಂಕಿ ಆಯಾ ಎಂಜಿನ್ನಿನದು. ನಾಕ್ ಸೆನ್ಸರ್ ಇದೆಯಲ್ಲ, ಅದೇ ನೋಡಿಕೊಳ್ಳುತ್ತದೆ ಎಂಬ ವಾದವನ್ನು ಒಪ್ಪಲಾಗದು. ನಾಕ್ ಸೆನ್ಸರ್ ನಾಕ್ ಆದ ಮೇಲಷ್ಟೇ ಕೇಳಿಸಿಕೊಳ್ಳುತ್ತದೆ, ತಾಪಮಾನದ ಪಟ್ಟಿ ಆಗುವ ಮುಂಚೆಯೇ ತಡೆಯುತ್ತದೆ.

ಪರೀಕ್ಷೆಗೆ ಒಂದೇ ಸಲದ ಓಟ ಸಾಲದು. ಎಂಜಿನ್ ಪೂರ್ತಿ ಕಾದ ಮೇಲೆ ಬೆನ್ನುಬೆನ್ನಿಗೆ ಮೂರು ನಾಲ್ಕು ಬಾರಿ ಪೂರ್ಣ ಹೊರೆ ಕೊಟ್ಟು, ಪ್ರತಿ ಸಲವೂ ತಾಪಮಾನ ಎಲ್ಲಿಂದ ಎಲ್ಲಿಗೆ ಏರಿತು, ನಡುವೆ ಎಷ್ಟು ಹೊತ್ತಿನಲ್ಲಿ ಇಳಿಯಿತು ಎಂಬುದನ್ನು ದಾಖಲಿಸಬೇಕು. ಗರಿಷ್ಠ ಅಂಕಿಗಿಂತ ಚೇತರಿಕೆಯ ವೇಗವೇ ಘಾಟಿಯಲ್ಲಿ ಹೆಚ್ಚು ಮುಖ್ಯ. ಇದನ್ನು ಸಾರ್ವಜನಿಕ ಘಾಟಿ ರಸ್ತೆಯಲ್ಲಿ ಮಾಡುವಂತಿಲ್ಲ. ಕಾರನ್ನು ರೋಲರುಗಳ ಮೇಲೆ ಓಡಿಸಿ ಶಕ್ತಿ ಅಳೆಯುವ ಡೈನೋ ಇರುವುದೇ ಅದಕ್ಕಾಗಿ.

ಡೈನೋ ಕಾಗದದ ಅಂಕಿಯನ್ನು ಎಷ್ಟು ನಂಬಬಹುದು?

ಕಾಗದದ ಮೇಲಿನ ಅಂಕಿ ಸಾಮಾನ್ಯವಾಗಿ ತಿದ್ದಿದ ಅಂಕಿ. ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಜೆ1349 ಮಾನದಂಡ ಫಲಿತಾಂಶವನ್ನು 25 ಡಿಗ್ರಿ ಮತ್ತು 99 ಕಿಲೋಪಾಸ್ಕಲ್ ಒಣ ಗಾಳಿಗೆ ಹೊಂದಿಸುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಇದು ಸರಿ. ಟರ್ಬೊ ಎಂಜಿನ್ ಹೊರಗಿನ ಒತ್ತಡದ ಕೊರತೆಯನ್ನು ತಾನೇ ತುಂಬಿಕೊಂಡಿರುವಾಗ ಅದೇ ತಿದ್ದುಪಡಿಯನ್ನು ಮತ್ತೆ ಹಾಕಿದರೆ ಇಲ್ಲದ ಅಶ್ವಶಕ್ತಿ ಸೇರಿಕೊಳ್ಳುತ್ತದೆ. ತಿದ್ದದ ಅಂಕಿಯನ್ನೂ ಆ ಓಟದ ಮ್ಯಾನಿಫೋಲ್ಡ್ ತಾಪಮಾನವನ್ನೂ ಕೇಳಿ ಪಡೆಯಿರಿ. ಕೊಡಲು ಹಿಂಜರಿಯುವ ಕಡೆ ಗಾಡಿ ಬಿಡಬೇಡಿ.

ದೊಡ್ಡ ಇಂಟರ್‌ಕೂಲರ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆಯೇ?

ರೀಮ್ಯಾಪಿಗಿಂತ ಮೊದಲು ಯೋಚಿಸಬೇಕಾದ ಬದಲಾವಣೆ ಇದೇ, ಆದರೆ ಅದಕ್ಕೂ ಮೊದಲು ಇರುವ ಇಂಟರ್‌ಕೂಲರನ್ನು ತೊಳೆಸಿ. ತೋಟದ ಮಣ್ಣು ರಸ್ತೆಯಲ್ಲಿ ಓಡಾಡುವ ಕಾರುಗಳಲ್ಲಿ ಕೆಂಪು ಕೆಸರು ಒಣಗಿ, ದರಗಿನ ಚೂರುಗಳ ಜೊತೆ ಜಾಲರಿಯೊಳಗೆ ಸಿಕ್ಕಿಕೊಂಡು ಹೊರಗಾಳಿಯ ದಾರಿಯನ್ನೇ ಮುಚ್ಚಿರುತ್ತದೆ. ಹೆಚ್ಚು ಒತ್ತಡದ ವಾಟರ್ ಸರ್ವಿಸ್‌ನಲ್ಲಿ ಹತ್ತಿರದಿಂದ ನೀರು ಹೊಡೆದರೆ ಅಲ್ಯೂಮಿನಿಯಂ ಎಲೆಗಳು ಬಾಗುತ್ತವೆ, ಮೆಲ್ಲಗೆ ತೊಳೆಯಬೇಕು.

ದೊಡ್ಡ ಇಂಟರ್‌ಕೂಲರಿನ ಲೋಹದ ರಾಶಿ ಹೆಚ್ಚು ಕಾವನ್ನು ಹೀರಿಕೊಳ್ಳುತ್ತದೆ, ಆದರೆ ಒಳಗಿನ ದಾರಿ ಉದ್ದವಾದಷ್ಟೂ ಒತ್ತಡದ ನಷ್ಟವಿದೆ, ಬೂಸ್ಟ್ ಬರುವುದೂ ತುಸು ತಡ. ಫೋಕ್ಸ್‌ವ್ಯಾಗನ್ ಸಮೂಹದ ಇಎ211 ಟಿಎಸ್‌ಐ ಎಂಜಿನ್ನುಗಳಂತೆ ನೀರಿನಿಂದ ತಣಿಯುವ ಇಂಟರ್‌ಕೂಲರ್ ಮ್ಯಾನಿಫೋಲ್ಡ್‌ನಲ್ಲಿಯೇ ಸೇರಿಕೊಂಡಿದ್ದರೆ ಬದಲಾಯಿಸುವ ಮಾತೇ ಬೇರೆ. ಅಲ್ಲಿ ಗಮನ ಕೊಡಬೇಕಾದುದು ಕೂಲಂಟ್ ಮಟ್ಟ, ಅದರ ಪಂಪು, ಮುಂಭಾಗದ ಚಿಕ್ಕ ರೇಡಿಯೇಟರ್.

ತೆರೆದ ಕೋನ್ ಫಿಲ್ಟರ್?

ಸದ್ದು ಚೆನ್ನಾಗಿರುತ್ತದೆ. ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಹೀರುವಂತೆ ಕೂರಿಸಿದರೆ ನಷ್ಟವೇ ಹೆಚ್ಚು. ಕಂಪನಿಯ ಪೆಟ್ಟಿಗೆ ಮುಂಭಾಗದ ತಂಪು ಗಾಳಿಯನ್ನು ತರುತ್ತದೆ, ಮಳೆಯ ನೀರನ್ನೂ ತಡೆಯುತ್ತದೆ.

95 ಆಕ್ಟೇನ್ ಅಥವಾ ಇ20 ಪೆಟ್ರೋಲ್ ಹಾಕಿದರೆ ಬಿಸಿಗಾಳಿಯ ತೊಂದರೆ ತಪ್ಪುತ್ತದೆಯೇ?

ಆಕ್ಟೇನ್, ಅಂದರೆ ನಾಕನ್ನು ತಡೆಯುವ ಇಂಧನದ ಗುಣ, ಹೆಚ್ಚಿದ್ದಷ್ಟೂ ನಾಕ್ ಆರಂಭವಾಗುವ ತಾಪಮಾನ ಮೇಲೇರುತ್ತದೆ, ಆದ್ದರಿಂದ ಪ್ರಯೋಜನ ನಿಜ. ಇ20ಯಲ್ಲಿ ಶೇ 20ರವರೆಗೆ ಬೆರೆಸುವ ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಕಾವನ್ನು ಹೀರುತ್ತದೆ, ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಈ ತಂಪು ಸಿಲಿಂಡರಿನೊಳಗೇ ಸಿಗುತ್ತದೆ. ಆದರೆ ಅದರ ಶಕ್ತಿಸಾಂದ್ರತೆ ಕಡಿಮೆಯಾದ್ದರಿಂದ ಇಂಧನ ಹೆಚ್ಚು ಬೇಕು. ಮ್ಯಾಪು 95 ಆಕ್ಟೇನಿಗೆಂದು ಬರೆದದ್ದಾದರೆ ಹಳ್ಳಿಯ ಬಂಕಿನಲ್ಲಿ ಅದು ಸಿಗದ ದಿನ ಏನಾಗುತ್ತದೆ ಎಂದು ಯೋಚಿಸಿಯೇ ಮುಂದುವರಿಯಬೇಕು.

ಡೀಸೆಲ್ ಟರ್ಬೊಗೂ ಇದೆಲ್ಲ ಅನ್ವಯಿಸುತ್ತದೆಯೇ?

ಸಾಂದ್ರತೆಯ ಲೆಕ್ಕ ಅನ್ವಯಿಸುತ್ತದೆ, ಪೆಟ್ರೋಲ್ ಎಂಜಿನ್ನಿನ ನಾಕ್ ಭಯ ಅನ್ವಯಿಸುವುದಿಲ್ಲ. ಬಿಸಿಗಾಳಿಯಲ್ಲಿ ಆಮ್ಲಜನಕ ಕಡಿಮೆಯಿದ್ದು ಡೀಸೆಲ್ ಅಷ್ಟೇ ಸುರಿದರೆ ಹೊಗೆ ಮತ್ತು ಎಕ್ಸಾಸ್ಟ್ ತಾಪಮಾನ ಎರಡೂ ಏರುತ್ತವೆ. ಜನ ತುಂಬಿಕೊಂಡು ಘಾಟಿ ಹತ್ತುವ ಗಾಡಿಗೆ ಅದೇ ಮಿತಿ.

ಅಂತರ್ಜಾಲದಲ್ಲಿ ಮಾರುವ ಅಗ್ಗದ "ಪವರ್ ಚಿಪ್" ಹಾಕಬಹುದೇ?

ಬೇಡ. ಇಂಥವುಗಳಲ್ಲಿ ಹಲವು ಗಾಳಿಯ ತಾಪಮಾನ ಸೆನ್ಸರಿನ ತಂತಿಗೆ ಸೇರಿಸುವ ಒಂದು ರೆಸಿಸ್ಟರ್ ಮಾತ್ರ. ರೋಧ ಹೆಚ್ಚಾದಾಗ ಇಸಿಯು ಗಾಳಿ ತಂಪಾಗಿದೆ ಎಂದು ನಂಬಿ ಇಂಧನವನ್ನು ಹೆಚ್ಚಿಸಿ ಸ್ಪಾರ್ಕನ್ನು ಬೇಗ ಕೊಡುತ್ತದೆ. ಸಾಧಾರಣ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಇಂಧನದ ಏರುಪೇರನ್ನು ಸರಿಪಡಿಸಿಬಿಡುತ್ತದೆ, ಸ್ಪಾರ್ಕಿನ ಸುಳ್ಳು ಹಾಗೆಯೇ ಉಳಿಯುತ್ತದೆ. ಬಿಸಿಯಾದ ಟರ್ಬೊ ಎಂಜಿನ್ನಿಗೆ ರಕ್ಷಣೆ ಬೇಕಾದ ಗಳಿಗೆಯಲ್ಲಿಯೇ ಅದನ್ನು ಕಿತ್ತುಹಾಕಿದಂತೆ.

ನನ್ನ ಕಾರಿನ ತಾಪಮಾನವನ್ನು ನಾನೇ ನೋಡಿಕೊಳ್ಳುವುದು ಹೇಗೆ?

ಒಂದು ಸಾಧಾರಣ ಒಬಿಡಿ ಸ್ಕ್ಯಾನರ್ (ಕಾರಿನ ಸಾಕೆಟ್ಟಿಗೆ ಸಿಕ್ಕಿಸಿ ಇಸಿಯುವಿನ ಅಂಕಿಗಳನ್ನು ಓದುವ ಉಪಕರಣ) ಮತ್ತು ಮೊಬೈಲ್ ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ, ಎಂಜಿನ್ ಶುರು ಮಾಡದೆ ಇಗ್ನಿಷನ್ ಮಾತ್ರ ಹಾಕಿದಾಗ ಇನ್‌ಟೇಕ್ ಗಾಳಿ, ಕೂಲಂಟ್ ಮತ್ತು ಹೊರಹವೆಯ ಅಂಕಿಗಳು ಹೆಚ್ಚುಕಡಿಮೆ ಒಂದೇ ಇರಬೇಕು. ಮೈನಸ್ 40 ತೋರಿಸಿದರೆ ಸೆನ್ಸರಿನ ತಂತಿ ಅಥವಾ ಕನೆಕ್ಟರ್ ಕಡಿದಿರುವ ಸಾಧ್ಯತೆ ಹೆಚ್ಚು. ಇಲಿ ಕಡಿದ ತಂತಿ ಮಲೆನಾಡಿನ ಕೊಟ್ಟಿಗೆ ಪಕ್ಕದ ಶೆಡ್ಡುಗಳಲ್ಲಿ ಅಪರೂಪವಲ್ಲ. ಬಳಿಕ ಜೊತೆಗಿರುವವರ ಕೈಗೆ ಮೊಬೈಲ್ ಕೊಟ್ಟು, ಮ್ಯಾನಿಫೋಲ್ಡ್ ತಾಪಮಾನವನ್ನೂ ಸ್ಪಾರ್ಕ್ ಟೈಮಿಂಗನ್ನೂ ಒಟ್ಟಿಗೆ ದಾಖಲಿಸಿ. ಸಮತಟ್ಟು ರಸ್ತೆಯ ಸ್ಥಿರ ವೇಗದಲ್ಲಿ ಹೊರಹವೆಗಿಂತ 10ರಿಂದ 20 ಡಿಗ್ರಿ ಹೆಚ್ಚಿದ್ದರೆ ಸಹಜ. ಏರು ಮುಗಿದು ಒಂದೆರಡು ನಿಮಿಷ ಸಲೀಸಾಗಿ ಓಡಿಸಿದರೂ ಅಂಕಿ ಇಳಿಯದಿದ್ದರೆ ಇಂಟರ್‌ಕೂಲರ್ ಮುಚ್ಚಿಕೊಂಡಿದೆಯೇ, ಬೂಸ್ಟ್ ಪೈಪು ಸೋರಿ ಟರ್ಬೊ ಅನಗತ್ಯವಾಗಿ ಹೆಚ್ಚು ತಿರುಗುತ್ತಿದೆಯೇ ಎಂದು ಮೆಕ್ಯಾನಿಕ್ ಬಳಿ ನೋಡಿಸಿ, ಆ ದಾಖಲೆಯನ್ನೂ ಅವರಿಗೆ ತೋರಿಸಿ.